ತೊಟ್ಟಿಯಲ್ಲಿ ಹೆಲಿಕಾಪ್ಟರ್

ಮುಂಬಯಿ ಕಡಲಿನ ನಡುವೆ ಎಣ್ಣೆ ಬಾವಿಯ ಮೇಲೆ ಕ್ರೇನ್ ಓಡಿಸುವ ಚೆಲುವರಾಜು ರಜೆಗೆ ಗುರುಪುರಕ್ಕೆ ಬಂದನೆಂದರೆ ಇಡೀ ಊರಿಗೇ ಸೇಫ್ಟಿ ಆಫೀಸರ್. ಮದುವೆಮನೆಯಲ್ಲಿ ಎಲೆ ಮುಂದೆ ಕೂರುವ ಮೊದಲು, "ಬೆಂಕಿ ಬಿದ್ರೆ ಓಡಾಕೆ ದಾರಿ ಯಾವ್ದು ಭಟ್ರೇ?" ಎಂದು ಅಡುಗೆಯವರನ್ನು ವಿಚಾರಿಸುತ್ತಾನೆ. ಹುಣಸೂರು ಬಸ್ಸಿನಲ್ಲಿ ಪಕ್ಕದವರಿಗೆ ಕಿಟಕಿ ಒದ್ದು ಹಾರುವುದನ್ನು ಎಷ್ಟು ಚೆನ್ನಾಗಿ ವಿವರಿಸುತ್ತಾನೆಂದರೆ, ಅವರು ಎದ್ದು ಬೇರೆ ಸೀಟಿಗೆ ಹೋಗುತ್ತಾರೆ. ಆದರೆ ಸರ್ಟಿಫಿಕೇಟ್ ನವೀಕರಿಸುವ ವರ್ಷ ಬಂತೋ, ಆಫೀಸರ ಮುಖ ಬಾಡುತ್ತದೆ. ಕಡಲ ಕೆಲಸಕ್ಕೆ ಹೆಲಿಕಾಪ್ಟರಿನಲ್ಲೇ ಹೋಗಬೇಕಲ್ಲ. ಅದು ನೀರಿಗೆ ಬಿದ್ದರೆ ಪಾರಾಗಲು ಬರುತ್ತದೋ ಎಂದು ನೋಡಲು, ಪರೀಕ್ಷೆಯಲ್ಲಿ ಅಂಥದೇ ಡಬ್ಬಿಯೊಳಗೆ ಬೆಲ್ಟು ಬಿಗಿದು ಕೂರಿಸಿ, ನೀರಿನಲ್ಲಿ ತಲೆಕೆಳಗು ಮಾಡುತ್ತಾರೆ. ಬಿಚ್ಚಿಕೊಂಡು ಹೊರಬಂದವನಿಗಷ್ಟೇ ಕೆಲಸ ಉಳಿಯುತ್ತದೆ. ಹಾಗಾಗಿ ಚೆಲುವರಾಜು ಪಂಪ್‌ಸೆಟ್ಟಿನ ತೊಟ್ಟಿಯ ಕಟ್ಟೆ ಮೇಲೆ ಪ್ಲಾಸ್ಟಿಕ್ ಕುರ್ಚಿ ಇಟ್ಟು, ಎಮ್ಮೆ ಹಗ್ಗದಲ್ಲಿ ಸೊಂಟ ಕಟ್ಟಿಸಿಕೊಂಡು, "ನೂಕೇ ಬೃಂದಾ" ಎಂದು ಹೆಂಡತಿಗೆ ಅಪ್ಪಣೆ ಕೊಡುತ್ತಾನೆ. ಅವಳು ನೂಕುತ್ತಾಳೆ; ಅವನು ಪ್ರತಿಸಲವೂ ಕುರ್ಚಿ ಸಮೇತ ಬಸವನಹುಳುವಿನಂತೆ ಮೇಲೇಳುತ್ತಾನೆ. "ನಿನಗಿಂತ ಎಮ್ಮೆನೇ ವಾಸಿ ಕಣ್ಲಾ, ಹಗ್ಗನಾದ್ರೂ ಕಿತ್ಕೊಂಡು ಓಯ್ತದೆ" ಎನ್ನುತ್ತಾಳೆ ತಾಯಿ ಸುನಂದಮ್ಮ. ಬೃಂದಾಗೆ ನಗು ತಡೆಯುವುದಿಲ್ಲ. ಈ ಸಲವೂ ನಗುನಗುತ್ತಲೇ ಕೇಳಿದಳು: "ಇಷ್ಟೆಲ್ಲ ಯಾಕ್ರೀ? ನಿಜವಾಗ್ಲೂ ಬೀಳ್ತದಾ ಹೆಲಿಕಾಪ್ಟ್ರು?" ಯಾರು ಏನು ಕೇಳಿದರೂ ಉಪದೇಶ ಶುರುಮಾಡುವ ಚೆಲುವರಾಜು ಪಂಚೆ ಹಿಂಡಿ, ಒದ್ದೆ ಹಗ್ಗವನ್ನು ಮತ್ತೆ ಅವಳ ಕೈಗೆ ಕೊಟ್ಟ. ಬೃಂದಾ ನಗು ನಿಲ್ಲಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿಯನ್ನು ಮತ್ತೆ ಕಟ್ಟೆಯ ಮೇಲೆ ಎತ್ತಿಟ್ಟು, "ಕುಂತ್ಕಳಿ, ಇನ್ನೊಂದ್ಸಲ" ಎಂದಳು.