ಎಡಗೈಯ ಗಿಟಾರು

ಎಡಗೈಯಲ್ಲಿ ಉಣ್ಣಲು ಹೋಗಿ ಜಯಶೀಲ ಚಿಕ್ಕಂದಿನಲ್ಲಿ ತಿಂದ ಪೆಟ್ಟು ಅಷ್ಟಿಷ್ಟಲ್ಲ. ಉಡುಪಿಯ ಆ ಮನೆಯಲ್ಲಿ ಎಡಗೈ ಎಂದರೆ ಹೊಲಸು. ಹೊಡೆತಕ್ಕೆ ಹೆದರಿ ಬಲಗೈಯಲ್ಲಿ ಉಂಡ, ಬಲಗೈಯಲ್ಲಿ ಬರೆದ, ಊರು ಬಿಟ್ಟು ಠಾಣೆ ಶಹರದ ಕಾರ್ಖಾನೆಯೊಂದರಲ್ಲಿ ಗುಮಾಸ್ತನೂ ಆದ. ಸಿಟ್ಟು ಮಾತ್ರ ಎಡಗೈಯಲ್ಲೇ ಉಳಿಯಿತು.

೧೯೮೧ರಲ್ಲಿ ಗಿಟಾರು ಮಾಡಿಸಲು ಅಲ್ಲೇ ಹತ್ತಿರದ ಕಲ್ಯಾಣಕ್ಕೆ ಹೋದಾಗ, ಅದನ್ನು ಕೈಯಿಂದಲೇ ಮಾಡುವ ಮುದುಕ ಪೆರೇರಾ, ಯಾವ ಕೈಯಲ್ಲಿ ಬಾರಿಸುತ್ತೀರಿ ಎಂದು ಕೇಳಿದ. ಹೊಡೆಯದೆ ಹಾಗೆ ಕೇಳಿದವನು ಅವನೊಬ್ಬನೇ. ಜಯಶೀಲ ಎಡಗೈ ಎತ್ತಿ ತೋರಿಸಿದ. ಗಿಟಾರು ಆ ಕೈಗೇ ತಯಾರಾಯಿತು.

ಮನೆಗೆ ಬಂದವರೆಲ್ಲ ಅದನ್ನೆತ್ತಿಕೊಂಡು "ತಂತಿ ಉಲ್ಟಾ ಆಗಿದೆ" ಅನ್ನುವವರೇ. ಭಾವ ಎಂಬ ಮಹಾನುಭಾವ ಯಾರನ್ನೂ ಕೇಳದೆ ತಂತಿಗಳನ್ನು ಅದಲು ಬದಲು ಮಾಡಿಯೇ ಹೋದ. ಜಯಶೀಲ ಹಲ್ಲು ಕಡಿಯುತ್ತ ಎಲ್ಲವನ್ನೂ ಮತ್ತೆ ಬಿಗಿದ.

ಆ ನವರಾತ್ರಿಯಲ್ಲಿ ಡೊಂಬಿವಲಿಯ ಕನ್ನಡ ಸಂಘದ ಸರಸ್ವತಿ ಪೂಜೆಗೆ ಬಾರಿಸಲು ಕೂತಾಗ ಕಾರ್ಯದರ್ಶಿ ಶಂಕರೆಪ್ಪ ತಡೆದರು.

"ದೇವಿ ಮುಂದ ಎಡಗೈಲೆ ಬಾರಸ್ತೀರೇನ್ರೀ? ಬಲಗೈಲೆ ಬಾರಸ್ರಿ."

ಜಯಶೀಲ ಎದ್ದು ನಿಂತು ಪೂಜೆಗಿಟ್ಟಿದ್ದ ಪಟದ ಕಡೆ ಕೈ ಮಾಡಿದ. ಎಡಗೈಯನ್ನೇ.

"ದೇವಿಯ ಎಡಗೈ ವೀಣೆಯ ಮೇಲೆ ಉಂಟಲ್ಲ, ಮೊದಲು ಅದನ್ನು ತೆಗೆಸಿ. ಮತ್ತೆ ನನ್ನ ಕೈಯ ಸುದ್ದಿಗೆ ಬನ್ನಿ."