ಎದುರುಮನೆಗೆ ಊಟಕ್ಕೆ ಬಂದ ಹೀರೋ

ಮೊನ್ನೆ ಬೈಯಪ್ಪನಹಳ್ಳಿ ಕಡೆಯ ಮೆಟ್ರೋದಲ್ಲಿ ಪಕ್ಕದ ಹುಡುಗಿಯ ಮೊಬೈಲಿನಲ್ಲಿ ಹಳೆಯ ಕಪ್ಪು ಬಿಳುಪು ಚಿತ್ರವೊಂದು ಓಡುತ್ತಿತ್ತು. ನಾಯಕ ಹಣೆಯ ಮೇಲಿನ ಗುಂಗುರು ಕೂದಲನ್ನು ಬೆರಳಿನಿಂದ ಹಿಂದಕ್ಕೆ ಸರಿಸಿ ನಕ್ಕ. ಸುಳ್ಳೇಕೆ ಹೇಳಲಿ, ಈ ವಯಸ್ಸಿನಲ್ಲೂ ನನ್ನ ಎದೆ ಒಮ್ಮೆ ಹಾರಿತು. ಆದರೆ ಆ ಕೂದಲು ಅವರದಲ್ಲ ಎಂದು ಇಡೀ ರೈಲಿನಲ್ಲಿ ಗೊತ್ತಿದ್ದವಳು ಬಹುಶಃ ನಾನೊಬ್ಬಳೇ.

ಅದು ಗೊತ್ತಾದದ್ದು ಹಲಸೂರಿನಲ್ಲಿ, ವನಜತ್ತೆಯ ಜೊತೆಯಲ್ಲಿ. ಅತ್ತೆ ಅಂದರೆ ಅಪ್ಪನ ಕೊನೆಯ ತಂಗಿ. ನನಗಿಂತ ಸ್ವಲ್ಪವೇ ದೊಡ್ಡವಳು, ಹಾಗಾಗಿ ಗೆಳತಿಯ ಹಾಗೆ. ನಮ್ಮ ಸುತ್ತಿನ ಟಾಕೀಸುಗಳಲ್ಲಿ ತಮಿಳು, ಹಿಂದಿ ಚಿತ್ರಗಳದೇ ಕಾರುಬಾರು. ನಡುವೆ ಎಂದಾದರೂ ಈ ಹೀರೋನ ಕನ್ನಡ ಚಿತ್ರ ಬಂದರೆ ನಮಗೆ ಹಬ್ಬ. ಅವರು ಕುದುರೆ ಏರಿದರೆ ನಾವು ಸೀಟಿನ ತುದಿಗೆ ಬರುತ್ತಿದ್ದೆವು. ಅವರ ಪಟವನ್ನು ನಾನು ಭೂಗೋಳದ ಪುಸ್ತಕದಲ್ಲಿ ಇಟ್ಟುಕೊಂಡಿದ್ದೆ. ಆ ವರ್ಷ ಭೂಗೋಳದಲ್ಲಿ ಮಾತ್ರ ಒಳ್ಳೆಯ ಅಂಕ ಬಂತು. ಪುಸ್ತಕವನ್ನು ಅಷ್ಟು ಸಲ ತೆರೆದಿದ್ದೆ.

ಅತ್ತೆಯದು ನನ್ನಷ್ಟು ಹಗುರವಾದ ಹುಚ್ಚಲ್ಲ. ಬಂದ ಗಂಡುಗಳನ್ನೆಲ್ಲ ಅವಳು ಪರದೆಯ ಪಕ್ಕ ನಿಲ್ಲಿಸಿ ನೋಡುತ್ತಿದ್ದಳು. ಕೊನೆಗೆ ಬಂದವರು ಕೆ.ಆರ್. ಪುರದವರು. ಹುಡುಗನದು ಮೃದು ಮಾತು, ಖಾಯಂ ಕೆಲಸ, ಆದರೆ ಆಗಲೇ ನೆತ್ತಿ ಬಯಲು. "ಇವ್ರನ್ನ ಮಾಡ್ಕೊಂಡ್ರೆ ಮನೇಲಿ ಕನ್ನಡಿ ಬೇಡ" ಎಂದು ಅತ್ತೆ ಒಳಗೆ ಬಂದು ನಕ್ಕಳು. ತಾತ ನಗಲಿಲ್ಲ. "ಇನ್ನೊಂದು ಗಂಡು ಹುಡುಕೋ ಶಕ್ತಿ ನಂಗಿಲ್ಲ ಕಣಮ್ಮ" ಎಂದವರು ಅವತ್ತು ಊಟ ಮಾಡದೆ ಮಲಗಿಬಿಟ್ಟರು.

ಅದೇ ವಾರ ಎದುರುಮನೆಯ ಟೀಚರಮ್ಮನ ಬಾಗಿಲಿಗೆ ಕಾರೊಂದು ಬಂತು. ಇಳಿದವರು ನಮ್ಮ ಹೀರೋ ಮತ್ತು ಅವರ ಹೆಂಡತಿ; ಹೆಂಡತಿ ಟೀಚರಮ್ಮನ ತಂಗಿಯಂತೆ. ಅಷ್ಟು ವರ್ಷ ಟೀಚರಮ್ಮ ಅದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. "ಅವರೆಕಾಳು ಸಾರು ಕೊಟ್ಟು ಬರೋಣ ಬಾರೇ" ಎಂದು ಅತ್ತೆ ಪಾತ್ರೆ ಎತ್ತಿಕೊಂಡಳು. ಸೀರೆ ಮಾತ್ರ ಮದುವೆಗೆ ಹೊರಟವಳದು.

ಹಜಾರದಲ್ಲಿ ಬನಿಯನ್ನು, ಚೌಕಳಿ ಲುಂಗಿ ತೊಟ್ಟ ಬೋಳುತಲೆಯವರೊಬ್ಬರು ನೆಲದ ಮೇಲೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. "ಹೀರೋ ಎಲ್ಲಿ?" ಎಂದು ನಾನು ಅವರನ್ನೇ ಕೇಳಿದೆ.

ಅವರು ನಕ್ಕರು. ಆ ನಗುವಿನಿಂದ ಗುರುತು ಸಿಕ್ಕಿತು.

"ನಾನೇ ಕಣಮ್ಮ. ಕೂದಲು ಕಾರಲ್ಲಿದೆ, ಬೇಕಾದ್ರೆ ತರಿಸ್ಲಾ?"

ನನಗೆ ಅಳು ಬರುವಂತಾಯಿತು. ಟೀಚರಮ್ಮ ಬಿಡದೆ ನಮ್ಮನ್ನು ಊಟಕ್ಕೂ ಕೂರಿಸಿದರು. ಏನು ತಿಂದೆನೋ ನೆನಪಿಲ್ಲ, ಕಣ್ಣೆಲ್ಲ ಆ ನೆತ್ತಿಯ ಮೇಲೆ. ಸಂಜೆ ಅತ್ತೆ ತಾತನ ಹತ್ತಿರ ಹೋಗಿ, "ಆ ಕೆ.ಆರ್. ಪುರದವ್ರು ಬೇರೆ ಹುಡುಗಿ ನೋಡ್ಬಿಟ್ರಾ ಅಪ್ಪ?" ಎಂದಳು. ತಾತ ಕಾರಣ ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟಾಪಿಗೆ ಹೊರಟರು.

ಹೀರೋನ ಬೋಳುತಲೆ ನಮ್ಮ ಮಾವನ ಬೋಳುತಲೆಗೆ ಮದುವೆ ಮಾಡಿಸಿತು ಎಂದು ಈ ಕಥೆ ಹೇಳಿ ಎಷ್ಟೋ ಮದುವೆ ಮನೆಗಳಲ್ಲಿ ನಗಿಸಿದ್ದೇನೆ.

ಮೊನ್ನೆ ಮೆಟ್ರೋ ಇಳಿದು, ಆಟೋ ಹಿಡಿದು ಹೋದದ್ದು ರಾಮಮೂರ್ತಿ ನಗರದ ಅತ್ತೆಯ ಮನೆಗೇ. ರೈಲಿನಲ್ಲಿ ಕಂಡ ಚಿತ್ರದ ನೆಪದಲ್ಲಿ ಮತ್ತೆ ಅದೇ ಕಥೆ ತೆಗೆದೆ. ಅತ್ತೆ ಕೈಯಾಡಿಸಿ ನಿಲ್ಲಿಸಿದಳು.

"ತಲೆ ಅಲ್ಲ ಕಣೇ. ನೀನು ತಲೇನೇ ನೋಡ್ತಾ ಕೂತಿದ್ದೆ. ಬಡಿಸೋದು ಮುಗಿಸಿ ಹೆಂಡ್ತಿ ಬಂದು ಪಕ್ಕದಲ್ಲಿ ಕೂತ್ಕೊಳ್ಳೋವರ್ಗೂ ಆ ಮನುಷ್ಯ ತುತ್ತು ಎತ್ಲಿಲ್ಲ. ನಮ್ಮನೇಲಿ ಗಂಡಸರೆಲ್ಲ ಎದ್ದಮೇಲೆ ತಾನೇ ಅಮ್ಮ ಊಟಕ್ಕೆ ಕೂರ್ತಿದ್ದಿದ್ದು? ಅಷ್ಟೊಂದು ಪಿಕ್ಚರ್ ನೋಡಿದ್ವಲ್ಲ, ಒಂದ್ರಲ್ಲೂ ಅದನ್ನ ತೋರ್ಸಿರ್ಲಿಲ್ಲ."

"ಮಾವನೂ ಹಾಗೇ ಕಾಯ್ತಾರೆ ಅಂತ ನಿಂಗೆ ಹೇಗೆ ಗೊತ್ತಾಯ್ತು?"

"ಎಲ್ಲಿ ಕಾಯ್ತಿದ್ರು? ನಾನೇ ಕಲಿಸ್ದೆ. ಕಲಿಯೋ ಥರ ಕಂಡ್ರು."

ಅಷ್ಟರಲ್ಲಿ ಮಾವ ಒಳಗಿಂದ ಕರೆದರು, "ಬನ್ರಮ್ಮ, ಅನ್ನ ಆರೋಗ್ತಿದೆ." ಹೋಗಿ ಕೂತೆ. ಮಂಡಿನೋವಿನ ಅತ್ತೆ ಸಂಡಿಗೆಯ ಡಬ್ಬಿ ಹುಡುಕುತ್ತ ಅಡುಗೆಮನೆಯಲ್ಲೇ ಉಳಿದಳು. ಸಾರಿನಿಂದ ಹಬೆ ಏಳುತ್ತಿತ್ತು, ನನಗೆ ಹಸಿವೂ ಆಗಿತ್ತು. ಇಷ್ಟು ವರ್ಷ ತಲೆಯನ್ನೇ ನೋಡುತ್ತ ಬಂದ ನಾನು ಅವತ್ತು ಮೊದಲ ಸಲ ಮಾವನ ಕೈ ನೋಡಿದೆ. ಅದು ತಟ್ಟೆಯ ಪಕ್ಕದಲ್ಲಿ ಸುಮ್ಮನೆ ಮಲಗಿತ್ತು. ಕಲಸಿದ್ದ ತುತ್ತನ್ನು ಬಿಟ್ಟು ನಾನೂ ಕಾದೆ.