ತಗಡಿನ ಸಾಬರು ಮಾಡಿಕೊಟ್ಟ ಬಕೀಟು

ತಗಡಿನ ಸಾಬರ ಬಲಗೈ ಹೆಬ್ಬೆರಳಿನ ಉಗುರು ಎರಡಾಗಿ ಸೀಳಿತ್ತು. ಮಂಡ್ಯದ ಪೇಟೆಬೀದಿಯ ಅಂಗಡಿಯಲ್ಲಿ ಕೂತು, ಮಾಡಿ ಮುಗಿಸಿದ ಬಕೀಟಿನ ಅಂಚನ್ನು ಆ ಹೆಬ್ಬೆರಳಿನಿಂದಲೇ ಒಂದು ಸುತ್ತು ಸವರುತ್ತಿದ್ದರು. ಎಲ್ಲಾದರೂ ತರಚಿದರೆ ಮತ್ತೆ ಸುತ್ತಿಗೆ. ಯುದ್ಧದ ಕಾಲ, ಹೊಸ ತಗಡು ಸಿಗದೆ ಸೀಮೆಎಣ್ಣೆ ಡಬ್ಬ ಬಿಚ್ಚಿ ಬಕೀಟು ಮಾಡುತ್ತಿದ್ದರು. ಮಾಡಿದ್ದನ್ನು ಕೇಳಿದವರಿಗೆಲ್ಲ ಕೊಡುತ್ತಿರಲಿಲ್ಲ. ಗಂಡಸರು ಬಂದು ದೊಡ್ಡದನ್ನು ಆರಿಸಿದರೆ, "ಇದ್ನ ನೀವು ಎತ್ತೀರಾ ಸ್ವಾಮಿ? ಮನೇಲಿ ಎತ್ತೋರ್ನ ಕಳ್ಸಿ" ಎಂದುಬಿಡುತ್ತಿದ್ದರು.

ನಾನು ಮಳವಳ್ಳಿಯಿಂದ ಮದುವೆಯಾಗಿ ಬಂದ ವರ್ಷವೇ ಬಾವಿಕಟ್ಟೆಯಲ್ಲಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಸೊಟ್ಟಗೆ ಕೂಡಿಕೊಂಡಿತು. ನೆಲ ಒರೆಸುವ ಬಟ್ಟೆ ಹಿಂಡಲು ಆಗುತ್ತಿರಲಿಲ್ಲ. ನಮ್ಮದು ಸಿಮೆಂಟು ನೆಲ, ನಾನು ಒರೆಸಿದಲ್ಲೆಲ್ಲ ನೀರು ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಅತ್ತೆ ಅದರಲ್ಲಿ ಜಾರಿ ಸೊಂಟ ಉಳುಕಿಸಿಕೊಂಡರು.

ವಾರದ ಮೇಲೆ ಬಕೀಟಿನ ತಳಕ್ಕೆ ಬೆಸುಗೆ ಹಾಕಿಸಲು ಇಬ್ಬರೂ ಸಾಬರ ಅಂಗಡಿಗೆ ಹೋದೆವು. ಅತ್ತೆ ನನ್ನೆದುರಿಗೇ ಹೇಳಿದರು: "ಬಟ್ಟೆ ಇಂಡಾಕಾಗ್ದೋಳು ಸಂಸಾರ ಏನ್ ಮಾಡಾಳು ಸಾಬ್ರೇ? ಅವ್ರಪ್ಪನ ಮನೆಗೇ ಕಳಿಸ್ಬುಡ್ತೀನಿ."

ಸಾಬರು ನನ್ನ ಕೈಯನ್ನು ದೂರದಿಂದಲೇ ನೋಡಿ ಕೇಳಿದರು: "ಕಾಲು ಎರಡೂ ನೆಟ್ಟಗವೆ ತಾನೆ ಮಗಾ?"

ತಲೆಯಾಡಿಸಿದೆ.

"ಮತ್ತೆ ಕೈಯಲ್ಲೇ ಯಾಕ್ ಇಂಡ್ಬೇಕು? ನಾಕ್ ದಿನ ಬುಟ್ಟು ಬನ್ನಿ ಕಣವ್ವ."

ಹೋದಾಗ ಎರಡು ಬಕೀಟು ತಯಾರಿದ್ದವು. ಒಂದು ಚಿಕ್ಕದು, ಎಡಗೈಯಲ್ಲೇ ಎತ್ತುವಷ್ಟು ಹಗುರ. ಇನ್ನೊಂದು ಗಿಡ್ಡದು, ಅಗಲ ತಳದ್ದು. ಅದರೊಳಗೆ ತಳಕ್ಕೆ ತಾಗದಂತೆ ಕೂರಿಸಿದ, ತೂತು ಕೊರೆದ ಹಲಗೆ. ಜೊತೆಗೆ ಅಡ್ಡಪಟ್ಟಿ ಬಡಿದ ಬಿದಿರು ಕೋಲು, ಹಳೆಯ ಗೋಣಿಯ ತುಂಡು. "ಹೊಸ ಗೋಣಿ ನೀರು ಕುಡಿಯಕಿಲ್ಲ, ಹಳೇದೇ ಆಗ್ಬೇಕು" ಎಂದರು. ಒದ್ದೆ ಗೋಣಿಯನ್ನು ಹಲಗೆಯ ಮೇಲೆ ಹಾಕಿ ತುಳಿದರೆ ನೀರೆಲ್ಲ ಕೆಳಗಿಳಿಯುತ್ತಿತ್ತು; ಆಮೇಲೆ ಅದನ್ನು ಕೋಲಿನ ಅಡ್ಡಪಟ್ಟಿಗೆ ಹೊದಿಸಿ ನಿಂತೇ ಒರೆಸುವುದು.

ಅತ್ತೆ ಮುಖ ಸಿಂಡರಿಸಿದರು. "ತುಳ್ದಿದ್ ಬಟ್ಟೇಲಿ ಮನೆ ನೆಲ ಒರ್ಸೋದಾ?"

"ನೆಲಾನೂ ತುಳಿಯೋದೇ ಅಲ್ವೇನವ್ವಾ?"

ಅತ್ತೆಗೆ ನಗು ತಡೆಯಲಾಗಲಿಲ್ಲ. ಸಾಬರು ಅಂಗಡಿಯ ಜಗಲಿಯನ್ನೇ ನನ್ನಿಂದ ಒರೆಸಿಸಿದರು. ಅತ್ತೆ ಬರಿಗಾಲಿಟ್ಟು, ಒತ್ತಿ ನೋಡಿ, ಆ ತುದಿಯಿಂದ ಈ ತುದಿಗೆ ನಡೆದರು. "ಸರಿ, ಎತ್ಕೊ, ಮನೆಗೋಗವ" ಎಂದರು. ತವರಿಗೆ ಕಳಿಸುವ ಮಾತು ಮತ್ತೆ ಬರಲಿಲ್ಲ. ನಾಲ್ಕು ಮಕ್ಕಳನ್ನು ಹೆತ್ತು ಆ ಮನೆಯನ್ನು ನಾನೇ ನಡೆಸಿದೆ.

ಸ್ವಾತಂತ್ರ್ಯ ಬಂದ ವರ್ಷ ಸಾಬರು ತೀರಿಕೊಂಡರು. ಸುದ್ದಿ ತಿಳಿದ ಬೆಳಿಗ್ಗೆ ಅತ್ತೆಯೇ ನೆಲ ಒರೆಸುವ ಕೋಲು ಕೈಗೆತ್ತಿಕೊಂಡರು. "ಅವ್ರ ಮನೆಗೆ ಜನ ಬತ್ತಾರೆ, ಆಯಮ್ಮ ಒಬ್ಳೇ ಅವ್ಳೆ. ನಡಿ, ನೆಲ ಒರ್ಸ್ಕೊಟ್ಟು ಬರವ." ಆವರೆಗೆ ಅತ್ತೆ ಆ ಹೊಸ್ತಿಲು ದಾಟಿದವರಲ್ಲ. ನಾನು ಒರೆಸಿ ಮುಗಿಸುವ ಹೊತ್ತಿಗೆ ಅವರು ಸಾಬರ ಹೆಂಡತಿಯ ಪಕ್ಕ ಗೋಡೆಗೊರಗಿ ಕೂತಿದ್ದರು. ಆಕೆಯ ಕೈ ಅತ್ತೆಯ ಮಡಿಲಲ್ಲಿತ್ತು.